ಮಾತುಬಿಟ್ಟವರ ಸಾಕ್ಷಿ

ಟಪ್.

ಒಂದೇ ಸಲ. ಇಲಿಯಲ್ಲ, ನಲ್ಲಿಯಲ್ಲ, ಗಾಳಿಗೆ ಬಡಿದ ಕಿಟಕಿಯೂ ಅಲ್ಲ. ಬೀಗದಕ್ಕ ಕತ್ತಲಲ್ಲಿ ಎದ್ದು ಕೂತಳು. ಆ ಸದ್ದನ್ನು ಅವಳು ನಿದ್ದೆಗಣ್ಣಿನಲ್ಲೂ ಗುರುತು ಹಿಡಿಯಬಲ್ಲಳು. ಕೆಳಗಿನ ಚರಿತ್ರೆ ಕೋಣೆಯ ಟೇಪ್ ರೆಕಾರ್ಡರಿನಲ್ಲಿ ಕ್ಯಾಸೆಟ್ಟಿನ ಒಂದು ಬದಿ ಮುಗಿದಾಗ ಗುಂಡಿ ತಾನಾಗಿಯೇ ಮೇಲಕ್ಕೆ ಹಾರುವ ಸದ್ದು ಅದು.

ಅಂದರೆ ಯಾರೋ ಕ್ಯಾಸೆಟ್ಟು ಹಾಕಿದ್ದಾರೆ. ಹಾಕಿ, ಕೊನೆಯವರೆಗೂ ಕೂತು ಕೇಳಿದ್ದಾರೆ. ತಾನು ಮೇಲೆ ಮಗ್ಗುಲು ಬದಲಿಸುತ್ತ ನಾಳಿನ ಚಿಂತೆಯಲ್ಲಿ ಬೇಯುತ್ತಿದ್ದಷ್ಟು ಹೊತ್ತೂ ಕೆಳಗೊಬ್ಬರು ಆರಾಮವಾಗಿ ಕೂತಿದ್ದಾರೆ!

ಪಕ್ಕದ ಮಂಚದಲ್ಲಿ ನಾದಿನಿ ಕೊರಡಿನಂತೆ ಮಲಗಿದ್ದಳು. ತೀರಿಕೊಂಡ ಗಂಡನ ತಂಗಿ, ಶಾಲೆ ಬಸ್ಸಿನ ಡ್ರೈವರು. ಹಗಲೆಲ್ಲ ಮಕ್ಕಳ ಗಲಾಟೆ ಕೇಳುವವಳಿಗೆ ರಾತ್ರಿ ಸಿಡಿಲು ಬಿದ್ದರೂ ಲೆಕ್ಕಕ್ಕಿಲ್ಲ.

"ಏಳೇ. ಕೆಳಗೆ ಯಾರೋ ಇದ್ದಾರೆ."

"ಇರ್ಲಿ ಬಿಡಿ ಅತ್ತಿಗೆ. ಹಗಲು ಹೊತ್ತು ಒಂದು ನರಪಿಳ್ಳೆ ಬರಲ್ಲ. ರಾತ್ರಿಯಾದ್ರೂ ಬರ್ಲಿ."

"ತಮಾಷೆ ಅಲ್ಲ ಕಣೇ."

"ಹಾಗಾದ್ರೆ ಟಿಕೆಟ್ ತಗೊಂಡಿದ್ದಾರಾ ಕೇಳಿ," ಎಂದಳು ನಾದಿನಿ. ಅಂದರೂ ಎದ್ದಳು. ಬಸ್ಸಿನ ದೊಡ್ಡ ಸ್ಪ್ಯಾನರು ಹಿಡಿದು ಅವಳು ಮುಂದೆ, ಕೊಡೆ ಹಿಡಿದು ಬೀಗದಕ್ಕ ಹಿಂದೆ.

ಅವರು ಇಳಿದು ದೀಪ ಹಾಕುವ ಹೊತ್ತಿಗೆ ಕೋಣೆ ಖಾಲಿ. ಬೀದಿ ಬಾಗಿಲಿಗೆ ಎಂದಿನಂತೆ ಬೀಗ. ಕಿಟಕಿಗಳ ಚಿಲಕ ಭದ್ರ. ಗೋಡೆಯ ಮೇಲಿನ ಚಿತ್ರಗಳು ಅಲ್ಲಲ್ಲೇ ಇದ್ದವು. ಕುರ್ಚಿಯನ್ನು ಮಾತ್ರ ಯಾರೋ ಮೇಜಿನ ಹತ್ತಿರಕ್ಕೆ ಎಳೆದಿದ್ದರು. ಕಿವಿಗೆ ಹಾಕುವ ಹೆಡ್‌ಫೋನು ಅದರ ಮೊಳೆಯಲ್ಲಿರದೆ ಮೇಜಿನ ಮೇಲೆ ಬಿದ್ದಿತ್ತು. ಯಂತ್ರ ಇನ್ನೂ ಬೆಚ್ಚಗಿತ್ತು.

ಬೀಗದಕ್ಕ ಕಪಾಟಿನ ಸಾಲಿನ ಮೇಲೆ ಬೆರಳಾಡಿಸಿದಳು. ಒಂದು ಕಡೆ ಬೆರಳು ಒಳಕ್ಕೆ ಇಳಿಯಿತು.

"ಗಡಿಯಾರದ ತಾತನ ಕ್ಯಾಸೆಟ್ಟು ಇಲ್ಲ."

ನಾದಿನಿಯ ನಿದ್ದೆ ಹಾರಿಹೋಯಿತು. "ಇವತ್ತೇ ಹೋಗ್ಬೇಕಿತ್ತಾ ಅದು?"

ಇವತ್ತೇ. ಹತ್ತು ಗಂಟೆಗೆ ಪುರಸಭೆಯ ಪರಿಶೀಲನಾಧಿಕಾರಿ ಬರುತ್ತಾಳೆ. ಧ್ವನಿಮುದ್ರಣಗಳನ್ನೆಲ್ಲ ಖುದ್ದಾಗಿ ಕೇಳುತ್ತಾಳೆ. ಗೋಡೆಯ ಮೇಲಿನ ಒಂದೇ ಒಂದು ಕಥೆ ಸುಳ್ಳೆಂದು ಕಂಡರೂ ಕೋಣೆ ಖಾಲಿ ಮಾಡಬೇಕು. ನಿನ್ನೆ ಅವಳೇ ತಂದುಕೊಟ್ಟ ನೋಟಿಸಿನಲ್ಲಿ ಅಷ್ಟು ಸ್ಪಷ್ಟವಾಗಿತ್ತು.

ಗೋಡೆಗೆ ಹಚ್ಚಲು ಸುಣ್ಣದ ಡಬ್ಬಗಳು ಆಗಲೇ ಹೊರಗಿನ ಜಗಲಿಗೆ ಬಂದು ಕೂತಿದ್ದವು.

*

ಈ ಕಣಿವೆ ಒಂದು ಕಾಲಕ್ಕೆ ಒಂದು ಬಟ್ಟೆ ಗಿರಣಿ, ಅದರ ಸುತ್ತ ಒಂದಿಷ್ಟು ಸಾಲುಮನೆ, ನಡುವೆ ಒಂದು ಹೊಳೆ, ಅಷ್ಟೇ ಆಗಿತ್ತು. ಗಿರಣಿ ಮುಚ್ಚಿತು. ಎರಡೂ ಗುಡ್ಡಗಳ ಮೇಲೆ ಒಂದೇ ಅಚ್ಚಿನ ಮನೆಗಳು ಎದ್ದವು. ಈಗ ಬೆಳಿಗ್ಗೆ ಎಲ್ಲರೂ ರೈಲು ಹತ್ತಿ ನಗರಕ್ಕೆ ಹೋಗುತ್ತಾರೆ, ಸಂಜೆ ಮಲಗಲು ಬರುತ್ತಾರೆ. ತಾವು ಯಾರ ಊರಿನಲ್ಲಿ ಮಲಗುತ್ತಿದ್ದೇವೆ ಎಂಬುದು ಅವರಿಗೆ ಬೇಕಿಲ್ಲ.

ಬೀಗದಕ್ಕನಿಗೆ ಬೇಕಿತ್ತು. ಹಳೆಯ ಗಿರಣಿಯ ಕೂಲಿ ಹಂಚುವ ಕೋಣೆಯಲ್ಲಿ ಅವಳು ಊರಿನ ಮುಖಗಳನ್ನು ಗೋಡೆಗೆ ಏರಿಸಿದ್ದಳು. ಹೊಲಿದ ರೆಕ್ಕೆ ಕಟ್ಟಿಕೊಂಡು ನೀರಿನ ಟ್ಯಾಂಕಿನಿಂದ ಜಿಗಿದು, ಬದುಕಿಯೂ ಉಳಿದ ಹಾರುವ ದರ್ಜಿ. ಆಯುಷ್ಯ ಹೆಚ್ಚುತ್ತದೆಂದು ಗುಡ್ಡವನ್ನು ಹಿಂದುಹಿಂದಕ್ಕೆ ಹತ್ತುತ್ತಿದ್ದ ಉಲ್ಟಾ ಮೇಷ್ಟ್ರು. ಯಾರೂ ನೇಮಿಸದಿದ್ದರೂ ಸೇತುವೆಯ ತಲೆಯಲ್ಲಿ ನಿಂತು ಜೀವಮಾನವಿಡೀ ಗಾಡಿಗಳನ್ನು ತಡೆದು ಬಿಟ್ಟ ಸೀಟಿ ಸೋದರತ್ತೆ. ಪ್ರವಾಹದ ರಾತ್ರಿ ಗಿರಣಿಯ ಸೈರನ್ನು ಊದಿ ಕಣಿವೆಯನ್ನು ಎಬ್ಬಿಸಿ, ನೀರು ಪಾಲಾದ ಸೈರನ್ನಿನವರು. ಈ ಕೊನೆಯವರು ನಾದಿನಿಯ ಅಪ್ಪ, ಬೀಗದಕ್ಕ ಕಣ್ಣಾರೆ ಕಾಣದ ಮಾವ.

ಪುರಸಭೆಯ ಅಧ್ಯಕ್ಷರು ಇದನ್ನು 'ಹುಚ್ಚರ ಗ್ಯಾಲರಿ' ಎಂದು ಕರೆದಿದ್ದರು. ಅವರಿಗೆ ಅಲ್ಲಿ ಗಿರಣಿ ಮಾಲೀಕರ ದೊಡ್ಡ ಪಟ ಬೇಕು, ಹೊಸಬರಿಗೊಂದು ಹವಾನಿಯಂತ್ರಿತ ಸಭಾಂಗಣ ಬೇಕು.

"ಹುಚ್ಚರೇ ಇಲ್ಲದ ಊರು ಊರಲ್ಲ ಸ್ವಾಮಿ, ಗೋದಾಮು," ಎಂದು ಬೀಗದಕ್ಕ ತುಂಬಿದ ಸಭೆಯಲ್ಲಿ ಹೇಳಿದ್ದಳು. ಹೇಳುವಾಗ ಮೊಣಕಾಲು ನಡುಗುತ್ತಿತ್ತು. ಮೊಣಕಾಲು ಸೀರೆಯೊಳಗಿತ್ತು, ಮಾತು ಹೊರಗಿತ್ತು. ಅಷ್ಟೇ ಅನುಕೂಲ.

ಗೋಡೆಗೆ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಅದು ಅವಳದ್ದಲ್ಲ, ಗಿರಣಿಯ ಕಾಲದ್ದು. ಒಬ್ಬರಿಗಾಗಿ ಒಬ್ಬರು ಸುಳ್ಳು ಹೇಳುವ ಕೆಲಸಗಾರರಿಂದ ಬೇಸತ್ತ ಒಬ್ಬ ಮ್ಯಾನೇಜರು ಮಾಡಿದ್ದು: ಪರಸ್ಪರ ಮಾತುಬಿಟ್ಟ ಇಬ್ಬರು, ಬೇರೆಬೇರೆಯಾಗಿ ಬಂದು ಒಂದೇ ಸಂಗತಿ ಹೇಳಿದರೆ ಮಾತ್ರ ಅದು ನಿಜ. ಸ್ನೇಹಿತರ ಸಾಕ್ಷಿ ನಡೆಯದು, ಗಂಡಹೆಂಡಿರದು ಮೊದಲೇ ನಡೆಯದು. ಕಣಿವೆ ಆ ನಿಯಮವನ್ನು ಎಷ್ಟು ಹಚ್ಚಿಕೊಂಡಿತೆಂದರೆ, ಗಿರಣಿ ಮುಚ್ಚಿದ ಮೇಲೂ ನಿವೇಶನದ ಗಡಿ ತಕರಾರಿಗೆ ಜನ ವೈರಿಗಳನ್ನೇ ಹುಡುಕಿ ತರುತ್ತಿದ್ದರು.

ಅಂಥ ವೈರಿಗಳಲ್ಲಿ ಬೇಕರಿ ಅಜ್ಜಿಗೂ ಎದುರುಬೀದಿಯ ಗಡಿಯಾರದ ತಾತನಿಗೂ ಸಮನಾದವರಿಲ್ಲ. ಹರೆಯದಲ್ಲಿ ನಡುಬೀದಿಯಲ್ಲಿ ಕಿತ್ತಾಡಿಕೊಂಡು ಮಾತುಬಿಟ್ಟವರು ಇವತ್ತಿನವರೆಗೂ ಎಣ್ಣೆ ಸೀಗೆಕಾಯಿ. ತಾತ ಬ್ರೆಡ್ಡು ಬೇಕಾದರೆ ರೈಲು ಹತ್ತಿ ಪಕ್ಕದ ಊರಿಗೆ ಹೋಗುತ್ತಿದ್ದ. ಅಜ್ಜಿಯ ಅಂಗಡಿಯ ಗಡಿಯಾರ ಕೆಟ್ಟು ನಿಂತು ತುಕ್ಕು ಹಿಡಿದಿತ್ತು. ಗೋಡೆಯ ಅರ್ಧ ಭಾಗ ನಿಂತದ್ದೇ ಅವರಿಬ್ಬರ ಮಾತಿನ ಮೇಲೆ.

ಈಗ ತಾತನ ಮಾತು ಕಾಣೆಯಾಗಿದೆ.

*

"ಬೀಗ ಮುರಿದಿಲ್ಲ. ಕೀಲಿ ಇದ್ದವರೇ ಬಂದಿದ್ದಾರೆ," ಎಂದಳು ಬೀಗದಕ್ಕ.

"ನಿಮ್ಮ ಸೊಂಟದಲ್ಲಿರೋದು ಬಿಟ್ರೆ ಪುರಸಭೆ ಗುಮಾಸ್ತನ ಹತ್ರ ಒಂದು. ಅವನೇ. ಆ ಮುಖ ನೋಡಿದ್ರೇ ಗೊತ್ತಾಗುತ್ತೆ."

"ಮುಖ ನೋಡಿ ಹೇಳೋದಾದ್ರೆ ನಿನ್ನನ್ನ ಎಂದೋ ಒಳಗೆ ಹಾಕ್ಬೇಕಿತ್ತು. ದರ್ಜಿ ಮೊಮ್ಮಗಳ ಹತ್ರಾನೂ ಒಂದಿದೆ. ರೆಕ್ಕೆ ಒಗೆದು ಒಣಗಿಸೋಕೆ ಅಂತ ಇಸ್ಕೊಂಡಿದ್ಲು."

"ಹಲ್ಲಿನ ಡಾಕ್ಟ್ರು? ಅವಳಿಗೆ ಅಜ್ಜನ ಹೆಸರೆತ್ತಿದ್ರೇ ಆಗಲ್ಲ. 'ಇಂಜೆಕ್ಷನ್ ಕೊಟ್ರೆ ನಾನೂ ಹಾರ್ತೀನಾ ಡಾಕ್ಟ್ರೇ' ಅಂತ ಕೇಳ್ತಾರಂತೆ ಪೇಷಂಟುಗಳು."

"ಇನ್ನೊಂದು ಪಕ್ಕದ ಬೇಕರಿಯಲ್ಲಿ. ನಾವಿಲ್ಲದಾಗ ಯಾರಾದ್ರೂ ಬಂದ್ರೆ ಇರ್ಲಿ ಅಂತ."

"ಅಜ್ಜೀನಾ? ತಾತನ ದನಿ ಕೇಳಿದ್ರೆ ಅವರಿಗೆ ಮೈ ಪರಚಿಕೊಳ್ಳೋ ಹಾಗಾಗುತ್ತೆ. ಅಷ್ಟು ಹೊತ್ತು ಕೂತು ಕೇಳ್ತಾರಾ? ಬಿಡಿ."

ಬೀಗದಕ್ಕ ಯಂತ್ರದ ಮುಂದೆ ಕೂತಳು. ಬೇರೊಂದು ಕ್ಯಾಸೆಟ್ಟು ಹಾಕಿ, ಹೆಡ್‌ಫೋನು ಕಿವಿಗಿಟ್ಟು, ಗುಂಡಿ ಒತ್ತಿದಳು. ಮರುಕ್ಷಣ ಚೇಳು ಕುಟುಕಿದಂತೆ ಕಿತ್ತೆಸೆದಳು.

"ಏನಾಯ್ತು?"

"ದನಿ. ಕೊನೇ ತನಕ ತಿರುಗಿಸಿದ್ದಾರೆ. ಕಿವಿ ಹರಿದುಹೋಗುತ್ತೆ."

ಗುಮಾಸ್ತನಿಗೆ ಮೂರು ಕೋಣೆಯಾಚೆ ಅಧ್ಯಕ್ಷರು ಕೆಮ್ಮಿದರೂ ಕೇಳಿಸುತ್ತದೆ, ಇಲ್ಲದಿದ್ದರೆ ಆ ಕುರ್ಚಿಯಲ್ಲಿ ಅವನು ಉಳಿಯುತ್ತಿರಲಿಲ್ಲ. ಡಾಕ್ಟರಮ್ಮ ರೋಗಿ ಬಾಯಿ ತೆರೆದುಕೊಂಡು ಗುಟುಗುಟು ಎಂದರೂ ಅರ್ಥ ಮಾಡಿಕೊಳ್ಳುವವಳು. ಬೇಕರಿ ಅಜ್ಜಿ?

ಅಜ್ಜಿಗೆ ಕಿವಿ ಚುರುಕು ಎಂದೇ ಎಲ್ಲರೂ ತಿಳಿದಿದ್ದರು. ಕೇಳಿದ್ದಕ್ಕೆ ತಟ್ಟನೆ ಉತ್ತರ ಬರುತ್ತಿತ್ತು. ಆದರೆ ಬೀಗದಕ್ಕ ಸುಮ್ಮನೆ ನೋಡುವವಳಲ್ಲ, ಹೆದರಿ ನೋಡುವವಳು. ಹೆದರಿದವರ ಕಣ್ಣಿಗೆ ಎಲ್ಲವೂ ಬೀಳುತ್ತದೆ. ಅಜ್ಜಿ ಗಿರಾಕಿಯ ಕಣ್ಣು ನೋಡಿ ಮಾತಾಡಿದ್ದನ್ನು ಅವಳು ಎಂದೂ ಕಂಡಿರಲಿಲ್ಲ. ಯಾವಾಗಲೂ ತುಟಿಯನ್ನೇ ನೋಡುತ್ತಿದ್ದಳು. ಹಿಟ್ಟು ನಾದುವ ಯಂತ್ರದ ಪಕ್ಕ ಒಂದು ಜನ್ಮ ಸವೆಸಿದ ಕಿವಿ ಅದು.

ಬೀಗದಕ್ಕ ಯಂತ್ರದ ದನಿ ತಗ್ಗಿಸಿ, ಕಪಾಟಿನಿಂದ ಅಜ್ಜಿಯದೇ ಕ್ಯಾಸೆಟ್ಟು ತೆಗೆದಳು. ದರ್ಜಿ ಹಾರಿದ ಬೆಳಗಿನ ವಿವರ.

'ಹಿಟ್ಟು ಹಲಗೆ ಮೇಲೆ ಹಾಕಿದ್ದೆ. ಮೇಲಿನ ಗವಾಕ್ಷಿಯಿಂದ ಬಿಸಿಲು ಬಿದ್ದಿತ್ತು. ಇದ್ದಕ್ಕಿದ್ದ ಹಾಗೆ ಹಿಟ್ಟಿನ ಮೇಲೆ ರೆಕ್ಕೆ ನೆರಳು ಹಾದುಹೋಯ್ತು...'

ಅವಳ ಕೈ ಅಲ್ಲಿಯೇ ನಿಂತಿತು. ತಾತನ ಮಾತು ಅವಳಿಗೆ ಬಾಯಿಪಾಠ. ಶಾಲೆಯ ಮಕ್ಕಳು ಬಂದಾಗಲೆಲ್ಲ ಅದನ್ನೇ ಹಾಕುತ್ತಿದ್ದಳು. 'ಬಿಳೀ ಹಿಟ್ಟಿನ ಮೇಲೆ ಕಪ್ಪು ರೆಕ್ಕೆ ಹಾದುಹೋಯ್ತು ನೋಡಿ' ಎಂದು ತಾತ ಹೇಳುವಾಗ ಮಕ್ಕಳು ಬಾಯಿ ಬಿಡುತ್ತಿದ್ದರು. ಮಾತುಗಾರ ಮುದುಕ, ಉಪಮೆ ಕೊಡುತ್ತಾನೆ ಎಂದುಕೊಂಡಿದ್ದಳು.

ತಾತ ತನ್ನ ಅಂಗಡಿ ಬಾಗಿಲಲ್ಲಿ ನಿಂತು ನೋಡಿದೆನೆಂದು ಹೇಳಿಕೊಂಡಿದ್ದ. ಗಡಿಯಾರದ ಅಂಗಡಿಯಲ್ಲಿ ಹಿಟ್ಟು ಎಲ್ಲಿಂದ ಬರಬೇಕು?

"ಅತ್ತಿಗೆ, ಯಾಕೆ ಮುಖ ಹಾಗಾಯ್ತು?"

"ಏನಿಲ್ಲ. ಬೆಳಗಾಗ್ತಾ ಬಂತು, ನೀನು ಬಸ್ಸು ತೆಗಿ."

"ಹತ್ತಕ್ಕೆ ಬಂದೇ ಬರ್ತೀನಿ. ಸುಣ್ಣದ ಡಬ್ಬಕ್ಕೆ ಯಾರಾದ್ರೂ ಕೈ ಹಾಕ್ಲಿ, ಬಸ್ಸನ್ನ ಬಾಗಿಲಿಗೇ ಅಡ್ಡ ನಿಲ್ಲಿಸ್ತೀನಿ. ಅಧ್ಯಕ್ಷರೇ ಬಂದು ತಳ್ಳಲಿ."

*

ಬೇಕರಿಯ ಹಿಂಬದಿಯಲ್ಲಿ ಮೊದಲ ಸುತ್ತಿನ ಬನ್ನುಗಳು ಆಗತಾನೆ ಒಲೆಯಿಂದ ಹೊರಬಂದಿದ್ದವು. ಯಂತ್ರ ಗರಗರ ತಿರುಗುತ್ತಿತ್ತು. ಅಜ್ಜಿ ಬೆನ್ನು ತಿರುಗಿಸಿ ಹಲಗೆ ಉಜ್ಜುತ್ತಿದ್ದಳು. ಬೀಗದಕ್ಕ ಮೂರು ಸಲ ಕರೆದಳು. ಅಜ್ಜಿ ತಿರುಗಲಿಲ್ಲ.

ಬೀಗದಕ್ಕ ಯಂತ್ರದ ಸ್ವಿಚ್ಚು ಆರಿಸಿದಳು. ನಡುಕ ನಿಂತಿದ್ದು ಪಾದಕ್ಕೆ ತಿಳಿದು ಅಜ್ಜಿ ತಿರುಗಿದಳು.

"ಏನೇ, ನನ್ನ ಹಿಟ್ಟು ಕೆಡಿಸ್ತೀಯಾ?"

"ಕ್ಯಾಸೆಟ್ಟು ಕೊಡಿ ಅಜ್ಜಿ."

"ಯಾವ ಕ್ಯಾಸೆಟ್ಟು?"

ಬೀಗದಕ್ಕ ಹಲಗೆಯ ಮುಂದೆ ನಿಂತು ಕತ್ತೆತ್ತಿದಳು. ಗೋಡೆಯ ತುದಿಯಲ್ಲಿ ಒಂದು ಸಣ್ಣ ಗವಾಕ್ಷಿ. ಅದರಲ್ಲಿ ನೀರಿನ ಟ್ಯಾಂಕಿನ ತಲೆ ಮಾತ್ರ ಕಾಣುತ್ತಿತ್ತು. ಇಬ್ಬರು ನೋಡಬೇಕೆಂದರೆ ಕೆನ್ನೆಗೆ ಕೆನ್ನೆ ಹಚ್ಚಿ ನಿಲ್ಲಬೇಕು.

"ದರ್ಜಿ ಹಾರಿದ ಬೆಳಿಗ್ಗೆ ತಾತ ಇಲ್ಲೇ ನಿಂತಿದ್ರು. ನಿಮ್ಮ ಪಕ್ಕ," ಎಂದಳು, ತುಟಿ ಕಾಣುವಂತೆ ನಿಧಾನವಾಗಿ.

ಅಜ್ಜಿ ಕೈಯ ಹಿಟ್ಟನ್ನು ಏಪ್ರನ್ನಿಗೆ ಒರೆಸಿಕೊಂಡಳು. ಇನ್ನು ಅಳುತ್ತಾಳೆ, ಇಲ್ಲವೇ ಬೈಯುತ್ತಾಳೆ ಎಂದು ಬೀಗದಕ್ಕ ಕಾದಳು. ಅಜ್ಜಿ ನಕ್ಕಳು.

"ಮುದುಕನಿಗೆ ಬಾಯಿ ಭದ್ರ ಇಲ್ಲ ಅಂತ ನಂಗೆ ಮೊದ್ಲಿಂದ ಗೊತ್ತು. ರಾತ್ರಿ ಕೇಳ್ತಾ ಕೇಳ್ತಾ ಎದೆ ಧಸಕ್ಕಂತು. ಹಿಟ್ಟಂತೆ ಹಿಟ್ಟು! ಎಲ್ಲಾ ಬಿಟ್ಟು ಅದೇ ನೆನಪಿರ್ಬೇಕಾ?"

"ಹಾಗಾದ್ರೆ ಜಗಳ?"

"ಮೊದಲ ವಾರ ನಿಜವಾಗ್ಲೂ ಆಡಿದ್ವಿ. ಆಮೇಲೆ ರಾಜಿ ಆಯ್ತು. ಎಷ್ಟು ರಾಜಿ ಅಂತ ನಿಂಗ್ಯಾಕೆ. ನಾನು ಗಂಡ ಸತ್ತವಳು, ಅಂಗಡಿ ಅತ್ತೆಮಾವನದ್ದು. ಇನ್ನೊಬ್ಬನ ಮುಖ ನೋಡಿ ನಕ್ಕೆ ಅಂತ ತಿಳಿದಿದ್ರೆ ಬೀದಿಗೆ ಹಾಕ್ತಿದ್ರು. ಅದಕ್ಕೇ ಬೀದೀಲಿ ಬೈದಾಡ್ಕೊಂಡೇ ಇದ್ವಿ. ವೈರಿ ಮನೆಗೆ ಹೋಗ್ತಾನೆ ಅಂತ ಯಾರು ಅನುಮಾನ ಪಡ್ತಾರೆ?"

"ಅತ್ತೆಮಾವ ಹೋಗಿ ಎಷ್ಟು ಕಾಲ ಆಯ್ತು ಅಜ್ಜಿ!"

"ಅಷ್ಟರಲ್ಲಿ ನಮ್ಮ ಜಗಳ ಊರಿನ ಆಸ್ತಿ ಆಗಿಬಿಟ್ಟಿತ್ತಲ್ಲೇ. ಆಮೇಲೆ ನೀನು ಬಂದೆ, ಮೈಕು ಹಿಡಿದು. ನಾವು ಚೆನ್ನಾಗಿದ್ದೀವಿ ಅಂತ ತಿಳಿದ್ರೆ ನಿನ್ನ ಗೋಡೆ ಏನಾಗುತ್ತೆ? ದರ್ಜಿ ಇನ್ನೊಂದ್ಸಲ ಬೀಳ್ತಾನೆ."

ಬೀಗದಕ್ಕನಿಗೆ ನಗು ಬಂತು. ಅದರ ಹಿಂದೆಯೇ ಸಿಟ್ಟೂ ಬಂತು. ಇಷ್ಟು ವರ್ಷ ಬಂದವರ ಮುಂದೆಲ್ಲ ಎದೆಯುಬ್ಬಿಸಿ ಆ ನಿಯಮ ಒಪ್ಪಿಸಿದ್ದಳು.

"ದರ್ಜಿ ಹಾರಿದ್ದು ನಿಜ ತಾನೇ?"

"ಈ ಎರಡು ಕಣ್ಣಲ್ಲಿ ನೋಡಿದ್ದೀನಿ. ಅವನ ಎರಡು ಕಣ್ಣೂ ಸೇರಿಸ್ಕೋ."

"ಮೇಷ್ಟ್ರು? ಸೀಟಿ ಸೋದರತ್ತೆ?"

"ಎಲ್ಲಾ ನಿಜ."

"ಹಾಗಾದ್ರೆ ನಾನು ಹೆದರಲ್ಲ. ಬರ್ಲಿ ಅವಳು. ಒಂದೇ ಕಿಟಕಿಯಿಂದ ನೋಡಿದ್ರೆ ನೋಡಿದ್ದು ಸುಳ್ಳಾಗುತ್ತಾ? ಅವಳ ಎದುರಿಗೇ ಕೇಳ್ತೀನಿ."

ಅಜ್ಜಿ ಒಲೆಯ ಕಡೆ ತಿರುಗಿದಳು. ಬಿಸಿ ಬನ್ನುಗಳನ್ನು ತಟ್ಟೆಯಿಂದ ಬುಟ್ಟಿಗೆ ಹಾಕತೊಡಗಿದಳು. ಅವಳು ಬೀಗದಕ್ಕನ ತುಟಿಯನ್ನು ನೋಡುವುದನ್ನೇ ಬಿಟ್ಟಿದ್ದಳು. ಕೇಳುವುದು ಬೇಡವಾದಾಗ ಕಿವುಡರಿಗೆ ಅಷ್ಟು ಸಾಕು.

ಬೀಗದಕ್ಕ ಬುಟ್ಟಿಯನ್ನು ಎಳೆದುಕೊಂಡಳು. "ಅಜ್ಜಿ, ನನ್ನ ಮುಖ ನೋಡಿ. ಗೋಡೆ ಮೇಲಿರೋದೆಲ್ಲ ನಿಜ ತಾನೇ?"

"ಒಂದು ಬಿಟ್ಟು."

"ಯಾವುದು?"

"ಬೇಡ ಕಣೇ."

"ಯಾವುದು?"

"ನಿನ್ನ ಮಾವ."

ಒಲೆಯೊಳಗೆ ಕೆಂಡ ಕುಸಿಯಿತು. ಬೀಗದಕ್ಕ ಹಲಗೆಯ ಅಂಚನ್ನು ಹಿಡಿದುಕೊಂಡಳು.

"ಆ ರಾತ್ರಿ ಅವನು ಪಾಳಿಯಲ್ಲಿದ್ದದ್ದು ನಿಜ," ಎಂದಳು ಅಜ್ಜಿ. "ಕುಡಿದು ನೂಲಿನ ಗೋದಾಮಿನಲ್ಲಿ ಬಿದ್ದಿದ್ದ. ನೀರು ಬಂತು, ಏಳಲಿಲ್ಲ. ಹೆಂಡತಿ ಮೊದಲೇ ಹೋಗಿದ್ಲು. ನಿನ್ನ ಗಂಡ ಆಗ ಇಷ್ಟುದ್ದ ಹುಡುಗ, ನಿನ್ನ ನಾದಿನಿ ಕೈಗೂಸು. ಕುಡಿದು ಸತ್ತ ಅಂತಾದ್ರೆ ಆ ಮಕ್ಕಳನ್ನ ಗಿರಣಿ ಮನೆಯಿಂದ ಹೊರಗೆ ಹಾಕ್ತಿದ್ರು. ಮ್ಯಾನೇಜರು ಕೇಳಿದ, ಸೈರನ್ನು ಊದಿದ್ದು ಯಾರು ಅಂತ. ನಾನು ಹೋಗಿ ಹೇಳಿದೆ, ಅವನೇ ಅಂತ. ಆಮೇಲೆ ಇವನು ಹೋಗಿ ಹೇಳಿದ. ಮಾತುಬಿಟ್ಟವರು ಅಲ್ವಾ ನಾವು? ಒಪ್ಪಿದ್ರು."

"ಊದಿದ್ದಂತೂ ನಿಜ. ಇಡೀ ಕಣಿವೆ ಎದ್ದಿತ್ತು. ಹಾಗಾದ್ರೆ ಯಾರು?"

"ಗಿರಣಿ ಕಸ ಗುಡಿಸೋಳ ಮಗಳು. ಮೂರನೇ ಕ್ಲಾಸೋ ನಾಲ್ಕನೇ ಕ್ಲಾಸೋ. ಹಬೆ ಸೈರನ್ನು ಅದು. ಹಿಡಿಕೆ ಕಾದು ಕೆಂಡ ಆಗಿರೋದು. ದೊಡ್ಡೋರು ಗೋಣಿ ಸುತ್ತಿ ಎಳೀತಿದ್ರು, ಆ ಮಗು ಬರಿಗೈಲಿ ಜೋತುಬಿದ್ದಿದ್ಲು. ಬೆಳಿಗ್ಗೆ ಇಲ್ಲಿಗೇ ಓಡಿಬಂದ್ಲು. ಅಂಗೈ ಸುಲಿದುಹೋಗಿತ್ತು. ನಾನೇ ಬೆಣ್ಣೆ ಮೆತ್ತಿ ಬಟ್ಟೆ ಕಟ್ಟಿದೆ."

"ಆಮೇಲೆ?"

"ಅವರ ಗುಡಿಸಲು ಕೊಚ್ಚಿಹೋಗಿತ್ತು. ಆ ವಾರವೇ ತಾಯಿಮಗಳು ಊರು ಬಿಟ್ರು. ಮಗು ಎಲ್ಲರಿಗೂ ಹೇಳ್ತಂತೆ, 'ನಾನು ಊದಿದ್ದು, ನಾನು ಊದಿದ್ದು' ಅಂತ. ಯಾರು ನಂಬ್ತಾರೆ? ಇಬ್ಬರು ಸಾಕ್ಷಿ ಹೇಳಿಯಾಗಿತ್ತಲ್ಲ."

"ಈಗ ಅವಳೆಲ್ಲಿ?"

ಅಜ್ಜಿ ಅಂಗಡಿಯ ಕಡೆ ನೋಡಿದಳು.

"ನಿನ್ನೆ ನಿಂಗೆ ನೋಟಿಸು ಕೊಟ್ಟು ಇಲ್ಲಿಗೆ ಬಂದಿದ್ಲಲ್ಲ, ಒಂದು ಬನ್ನು ಕೊಡಿ ಅಂತ. ಚಿಲ್ಲರೆ ಕೊಡೋಕೆ ಹೋದೆ, ಕೈ ಚಾಚಿದ್ಲು. ಅಂಗೈ ನೋಡಿದೆ. ಅವಳು ನನ್ನ ಮುಖ ನೋಡಿದ್ಲು. ಏನೂ ಅನ್ನಲಿಲ್ಲ ಕಣೇ. ಬೈದಿದ್ರೆ ಚೆನ್ನಾಗಿರ್ತಿತ್ತು."

ಅಜ್ಜಿ ಏಪ್ರನ್ನಿನ ಜೇಬಿನಿಂದ ಕ್ಯಾಸೆಟ್ಟು ತೆಗೆದು ಹಲಗೆಯ ಮೇಲಿಟ್ಟಳು. ಅದರ ಸುತ್ತ ಹಿಟ್ಟು ಮೆಲ್ಲನೆ ಹಾರಿತು.

"ತಗೋ. ಅವಳ ಕಿವಿಗೆ ಬೀಳದ ಹಾಗೆ ಒಲೆಗೆ ಹಾಕೋಣ ಅಂತಿದ್ದೆ. ಕೈ ಬರಲಿಲ್ಲ."

*

ಹತ್ತು ಗಂಟೆಗೆ ಚರಿತ್ರೆ ಕೋಣೆಯ ಮುಂದೆ ಶಾಲೆ ಬಸ್ಸು ನಿಜವಾಗಿಯೂ ಅಡ್ಡ ನಿಂತಿತ್ತು. ಪೇಂಟರುಗಳು ಜಗಲಿಯಲ್ಲಿ ಬೀಡಿ ಸೇದುತ್ತಿದ್ದರು. ಗಡಿಯಾರದ ತಾತ ತನ್ನ ಅಂಗಡಿ ಬಾಗಿಲಲ್ಲಿ, ಬೇಕರಿ ಅಜ್ಜಿ ತನ್ನ ಅಂಗಡಿ ಬಾಗಿಲಲ್ಲಿ, ಒಬ್ಬರನ್ನೊಬ್ಬರು ನೋಡದೆ ನಿಂತಿದ್ದರು.

ಅಧಿಕಾರಿ ಒಬ್ಬಳೇ ಬಂದಳು. ಅಚ್ಚುಕಟ್ಟಾಗಿ ಬಾಚಿದ ನರೆಗೂದಲು, ಭುಜಕ್ಕೊಂದು ಚೀಲ. ಬಸ್ಸನ್ನು ನೋಡಿ ಸಿಡುಕಲಿಲ್ಲ, ಅದರ ಪಕ್ಕದ ಸಂದಿಯಲ್ಲಿ ನುಸುಳಿ ಒಳಗೆ ಬಂದಳು. ದರ್ಜಿಯ ರೆಕ್ಕೆಯನ್ನು ದಾಟಿದಳು. ಮೇಷ್ಟ್ರನ್ನು, ಸೀಟಿಯನ್ನು ದಾಟಿದಳು. ಸೈರನ್ನಿನವರ ಚಿತ್ರದ ಮುಂದೆ ನಿಂತಳು.

ನಾದಿನಿ ಪಕ್ಕಕ್ಕೆ ಹೋಗಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ನಮ್ಮಪ್ಪ. ಇವರು ಊದದೇ ಇದ್ದಿದ್ರೆ ಈ ಊರೇ ಇರ್ತಿರ್ಲಿಲ್ಲ ಮೇಡಂ. ಇವರ ಮೇಲೂ ಸುಣ್ಣ ಬಳೀತೀರಾ? ಬಳೀರಿ ನೋಡೋಣ."

ಅಧಿಕಾರಿ ಅವಳನ್ನು ಬಹಳ ಹೊತ್ತು ನೋಡಿದಳು. "ಆಗ ನೀವು ಕೈಗೂಸು," ಎಂದಳು.

"ನಿಮಗೆ ಹೇಗೆ ಗೊತ್ತು?"

ಅಧಿಕಾರಿ ಕೈಯೆತ್ತಿ ಚಿತ್ರದ ಗಾಜಿನ ಮೇಲೆ ಅಂಗೈ ಊರಿದಳು. ಅಂಗೈ ಗಾಜಿಗೆ ತಾಗುವ ಮುನ್ನ ಪ್ರತಿಬಿಂಬದಲ್ಲಿ ಬೀಗದಕ್ಕನಿಗೆ ಅದು ಕಂಡಿತು: ನಡುವೆ ಅಡ್ಡಕ್ಕೆ ಹಾದುಹೋದ, ಗೆರೆಗಳೇ ಇಲ್ಲದ ನುಣ್ಣನೆಯ ಪಟ್ಟಿ.

"ಈ ಕೋಣೆ ನೋಡಿಕೊಳ್ಳೋರು ನೀವು," ಎಂದಳು ಅಧಿಕಾರಿ, ತಿರುಗದೆ. "ಶುರು ಮಾಡೋ ಮೊದಲು ನನಗೆ ಏನಾದ್ರೂ ಹೇಳೋದಿದೆಯಾ?"

ಮೃದುವಾದ ದನಿ. ಹೆದರಿಸುವ ದನಿಯಾಗಿದ್ದರೆ ಬೀಗದಕ್ಕನಿಗೆ ಎಷ್ಟೋ ಸುಲಭವಾಗುತ್ತಿತ್ತು. ಈ ಹೆಂಗಸಿಗೆ ಒಂದು ಊರೇ ಋಣಿ ಎಂದು ಅವಳಿಗೆ ಗೊತ್ತಿತ್ತು. ಕೊಡಬೇಕಾದವಳು ತಾನೇ ಎಂದೂ ಗೊತ್ತಿತ್ತು. ಪಕ್ಕದಲ್ಲಿ ನಾದಿನಿ ಗಲ್ಲ ಎತ್ತಿಕೊಂಡು, ಇಡೀ ಪುರಸಭೆ ಬಂದರೂ ಸರಿಯದವಳಂತೆ, ಅಪ್ಪನ ಚಿತ್ರಕ್ಕೆ ಭುಜ ಕೊಟ್ಟು ನಿಂತಿದ್ದಳು.

"ಇಲ್ಲ," ಎಂದಳು ಬೀಗದಕ್ಕ. ದನಿ ಅವಳಿಗೇ ಅಚ್ಚರಿಯಾಗುವಷ್ಟು ಗಟ್ಟಿಯಾಗಿತ್ತು. "ಏನೂ ಇಲ್ಲ."

"ಯೋಚನೆ ಮಾಡಿ ಹೇಳಿ."

"ಮಾಡಿಯೇ ಹೇಳಿದ್ದು."

ಅಧಿಕಾರಿ ಗಾಜಿನಿಂದ ಕೈ ತೆಗೆದಳು. ಕುರ್ಚಿಯನ್ನು ಆ ಚಿತ್ರದ ಎದುರಿಗೇ ಎಳೆದು ಕೂತು, ಚೀಲದಿಂದ ಹೆಡ್‌ಫೋನು ತೆಗೆದಳು. ತನ್ನದೇ ಹೆಡ್‌ಫೋನು ತಂದಿದ್ದಳು.

"ಹಾಗಾದ್ರೆ ಇಲ್ಲಿಂದಲೇ ಶುರು ಮಾಡೋಣ. ಆ ಇಬ್ಬರು ಸಾಕ್ಷಿಗಳನ್ನೂ ಕರೆಸಿ. ಒಟ್ಟಿಗೆ."

ಬೀಗದಕ್ಕ ಬಾಗಿಲ ಕಡೆ ನಡೆದಳು. ಹೊಸ್ತಿಲು ದಾಟುವುದರೊಳಗೆ ಅವಳು ತೀರ್ಮಾನಿಸಿಯಾಗಿತ್ತು. ಬೇಕರಿಯ ಹಲಗೆಯ ಮುಂದೆ ಕೇಳಿದ್ದನ್ನು ನಾದಿನಿಗೆ ಹೇಳುವುದಿಲ್ಲ. ಈ ಹೆಂಗಸು ಕೇಳಿದರೂ ಹೇಳುವುದಿಲ್ಲ, ಕೈಮುಗಿದರೂ ಹೇಳುವುದಿಲ್ಲ. ಸಾಯುವಾಗ ಬಾಯಿಗೆ ನೀರು ಬಿಡುವವರು ಕಿವಿ ಹಚ್ಚಿ ಕೇಳಿದರೂ ಅವಳು ಯಾರಿಗೂ ಹೇಳುವುದಿಲ್ಲ.